ಒಂದು ಹೊತ್ತಿಗೆ 30 ಗ್ರಾಂ ಪ್ರೋಟೀನ್ ಮಾತ್ರ ಮೈಗೆ ಹತ್ತುತ್ತದೆ ಎಂಬುದು ನಿಜವೇ?

ಪ್ರಶ್ನೆ: ಕುಂಜಿಬೆಟ್ಟಿನ ಓದುಗ, ಉಡುಪಿ

ನನ್ನ ಮಗ ಸಂಜೆ ಜಿಮ್‌ನಿಂದ ಬಂದ ಕೂಡಲೇ ಹಾಲಿನಿಂದ ತೆಗೆದ ವೇ ಪ್ರೋಟೀನ್ ಪುಡಿಯನ್ನು ಒಂದು ಸ್ಕೂಪಿನಷ್ಟು ನೀರಿಗೆ ಹಾಕಿ, ಕುಲುಕಿ ಕುಡಿಯುತ್ತಾನೆ. ದೇಹವು ಒಂದು ಹೊತ್ತಿಗೆ 30 ಗ್ರಾಂ ಪ್ರೋಟೀನನ್ನು ಮಾತ್ರ ಹೀರಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚು ತಿಂದದ್ದೆಲ್ಲ ಹಾಗೆಯೇ ಹೊರಗೆ ಹೋಗುತ್ತದೆ ಎಂದು ಅವನ ತರಬೇತುದಾರರು ಹೇಳಿದ್ದಾರಂತೆ. ಈ ಮಾತನ್ನು ಅವನು ಎಷ್ಟು ನಂಬಿದ್ದಾನೆಂದರೆ, ಮಧ್ಯಾಹ್ನ ಬಂಗುಡೆ ಹುರಿದ ದಿನ ಎರಡಕ್ಕಿಂತ ಹೆಚ್ಚು ತಟ್ಟೆಗೆ ಬಿದ್ದರೆ ಉಳಿದದ್ದನ್ನು ರಾತ್ರಿಗೆ ಎತ್ತಿಡಲು ಹೇಳುತ್ತಾನೆ.

ಅದೇ ಮನೆಯಲ್ಲಿ ಎಂಬತ್ತು ದಾಟಿದ ನನ್ನ ತಾಯಿಯೂ ಇದ್ದಾರೆ. ಅವರಿಗೆ ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ಕುಚಲಕ್ಕಿ ಗಂಜಿಯೇ ಆಗಬೇಕು. ಹಲ್ಲು ಹೋದ ಮೇಲೆ ಮುಳ್ಳಿನ ಭಯಕ್ಕೆ ಮೀನು ಬಿಟ್ಟಿದ್ದಾರೆ. ಮಧ್ಯಾಹ್ನದ ಅನ್ನಕ್ಕೆ ಹುರುಳಿ ಸಾರು ಇದ್ದರೆ ಬೇರೇನೂ ಬೇಡ, ಹುರುಳಿಯಲ್ಲಿ ಕಂಬಳದ ಕೋಣಕ್ಕೆ ಸಾಲುವಷ್ಟು ಬಲವಿರುವಾಗ ನನಗೆ ಸಾಲದೇ ಎಂಬುದು ಅವರ ವಾದ. ಈಚೆಗೆ ಅವರ ತೋಳು, ತೊಡೆಗಳು ಕಣ್ಣಿಗೆ ಕಾಣುವಷ್ಟು ಸೊರಗಿವೆ. ಕುರ್ಚಿಯಿಂದ ಏಳಬೇಕಾದರೆ ಎರಡೂ ಕೈ ಊರಬೇಕಾಗುತ್ತದೆ.

ತಿಂದ ಪ್ರೋಟೀನ್ ಹೊಟ್ಟೆಯೊಳಗೆ ಏನಾಗುತ್ತದೆ, ಎಷ್ಟು ರಕ್ತಕ್ಕೆ ಸೇರುತ್ತದೆ, ಹೆಚ್ಚಾದದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬಲ್ಲವರು ಸ್ವಲ್ಪ ಬಿಡಿಸಿ ಹೇಳಬೇಕೆಂದು ಕೋರುತ್ತೇನೆ. ನಾನು ವಾಣಿಜ್ಯ ಓದಿದವನು. ಆದರೂ ಕಾರಣಸಹಿತ ಉತ್ತರವನ್ನು ಓದುವ ತಾಳ್ಮೆ ಇದೆ.

ಉತ್ತರ: ಜೀವರಸಾಯನ ವಿಜ್ಞಾನದ ಅಧ್ಯಾಪಕ, ಮಂಗಳೂರು

ಹೀರಿಕೊಳ್ಳುವುದು ಬೇರೆ, ಹೀರಿಕೊಂಡದ್ದನ್ನು ಸ್ನಾಯು ಕಟ್ಟಲು ಬಳಸುವುದು ಬೇರೆ. ಈ ಎರಡನ್ನೂ ಒಂದೇ ಎಂದುಕೊಂಡದ್ದರಿಂದ 30 ಗ್ರಾಂ ಎಂಬ ಮಾತು ಹುಟ್ಟಿಕೊಂಡಿದೆ. ಮೊದಲನೆಯದಕ್ಕೆ ಅಂಥ ಮಿತಿಯೇನೂ ಇಲ್ಲ. ಎರಡನೆಯದಕ್ಕೆ ಇದೆ ಎಂದು ಕೆಲವು ವರ್ಷಗಳ ಹಿಂದಿನವರೆಗೆ ನಂಬಲಾಗಿತ್ತು. ಈಗ ಆ ನಂಬಿಕೆಯೂ ಸಡಿಲಾಗಿದೆ.

ನಿಮ್ಮ ಮಗ ತಿಂದ ಬಂಗುಡೆಯನ್ನೇ ತೆಗೆದುಕೊಳ್ಳೋಣ. ಪ್ರೋಟೀನ್ ಎಂದರೆ ಅಮೈನೊ ಆಮ್ಲಗಳು ಒಂದಕ್ಕೊಂದು ಕೂಡಿಕೊಂಡು, ಮಡಚಿ ಸುತ್ತಿಕೊಂಡಿರುವ ಉದ್ದನೆಯ ಸರಪಳಿ. ಜಠರದ ಹೈಡ್ರೋಕ್ಲೋರಿಕ್ ಆಮ್ಲವು ಮೊದಲು ಆ ಮಡಿಕೆಗಳನ್ನು ಬಿಡಿಸುತ್ತದೆ. ಬಾಣಲೆಯ ಬಿಸಿಯಲ್ಲಿ ಈ ಕೆಲಸದ ಬಹುಪಾಲು ಆಗಲೇ ಮುಗಿದಿರುತ್ತದೆ. ಮಡಿಕೆ ಬಿಟ್ಟ ಸರಪಳಿಯನ್ನು ಪೆಪ್ಸಿನ್ ಎಂಬ ಕಿಣ್ವ ಅಲ್ಲಲ್ಲಿ ಕತ್ತರಿಸುತ್ತದೆ. ಪೆಪ್ಸಿನ್ ಚುರುಕಾಗಿ ಕೆಲಸ ಮಾಡುವುದು ಪಿಎಚ್ ಮೌಲ್ಯ 2ರ ಆಸುಪಾಸಿನಲ್ಲಿರುವ ತೀಕ್ಷ್ಣ ಆಮ್ಲದಲ್ಲಿ. ಆದರೆ ಜಠರದ ಪಾತ್ರವನ್ನು ನಾವು ಸಾಮಾನ್ಯವಾಗಿ ದೊಡ್ಡದು ಮಾಡಿ ಹೇಳುತ್ತೇವೆ. ಶಸ್ತ್ರಚಿಕಿತ್ಸೆಯಲ್ಲಿ ಜಠರವನ್ನು ಪೂರ್ತಿ ತೆಗೆಸಿಕೊಂಡವರೂ ಪ್ರೋಟೀನನ್ನು ಜೀರ್ಣಿಸಿಕೊಳ್ಳಬಲ್ಲರು, ಏಕೆಂದರೆ ಮುಖ್ಯ ಕೆಲಸ ನಡೆಯುವುದು ಅದರ ಮುಂದಿನ ಸಣ್ಣಕರುಳಿನಲ್ಲಿ.

ಅಲ್ಲಿಗೆ ಮೇದೋಜೀರಕ ಗ್ರಂಥಿಯಿಂದ ಟ್ರಿಪ್ಸಿನ್, ಕೈಮೋಟ್ರಿಪ್ಸಿನ್ ಮೊದಲಾದ ಕಿಣ್ವಗಳು ಬಂದು ಬೀಳುತ್ತವೆ. ಗ್ರಂಥಿಯೂ ಪ್ರೋಟೀನಿನಿಂದಲೇ ಆದದ್ದಾದ್ದರಿಂದ ಈ ಕಿಣ್ವಗಳು ಹುಟ್ಟಿದ ಕಡೆಯೇ ಕೆಲಸ ಶುರು ಮಾಡಿದರೆ ಅನಾಹುತ. ತೀವ್ರ ಪ್ಯಾಂಕ್ರಿಯಾಟೈಟಿಸ್ ಎಂಬ ಕಾಯಿಲೆಯಲ್ಲಿ ಆಗುವುದು ಅದೇ. ಹಾಗಾಗಿ ಅವು ನಿಷ್ಕ್ರಿಯ ರೂಪದಲ್ಲಿ ಹೊರಡುತ್ತವೆ. ಕರುಳಿನ ಗೋಡೆಯಲ್ಲಿರುವ ಎಂಟರೋಪೆಪ್ಟಿಡೇಸ್ ಎಂಬ ಇನ್ನೊಂದು ಕಿಣ್ವ ಟ್ರಿಪ್ಸಿನ್ನನ್ನು ಜಾಗೃತಗೊಳಿಸುತ್ತದೆ, ಟ್ರಿಪ್ಸಿನ್ ಉಳಿದವನ್ನೆಲ್ಲ ಜಾಗೃತಗೊಳಿಸುತ್ತದೆ.

ಸರಪಳಿ ಹೀಗೆ ತುಂಡಾಗುತ್ತ ಬಂದು, ಕೊನೆಗೆ ಬಿಡಿ ಅಮೈನೊ ಆಮ್ಲಗಳೂ ಎರಡು ಅಥವಾ ಮೂರು ಅಮೈನೊ ಆಮ್ಲಗಳ ಚಿಕ್ಕ ತುಣುಕುಗಳೂ ಉಳಿಯುತ್ತವೆ. ಶಾಲೆಯ ಪುಸ್ತಕಗಳಲ್ಲಿ ಬಿಡಿ ಅಮೈನೊ ಆಮ್ಲ ಮಾತ್ರ ಒಳಹೋಗುತ್ತದೆ ಎಂದು ಬರೆದಿರುತ್ತದೆ. ನಿಜ ಸಂಗತಿ ಅದಕ್ಕಿಂತ ಸ್ವಾರಸ್ಯಕರವಾಗಿದೆ: ಆ ಚಿಕ್ಕ ತುಣುಕುಗಳಿಗೆ ಪೆಪ್ಟ್-1 ಎಂಬ ತಮ್ಮದೇ ಆದ ಪ್ರವೇಶದ್ವಾರವಿದೆ, ಮತ್ತು ಪ್ರೋಟೀನಿನ ದೊಡ್ಡ ಪಾಲು ಒಳಸೇರುವುದು ಅದರ ಮೂಲಕವೇ. ಇದಕ್ಕೆ ಒಳ್ಳೆಯ ಸಾಕ್ಷಿ ಹಾರ್ಟ್‌ನಪ್ ಎಂಬ ಅಪರೂಪದ ಆನುವಂಶಿಕ ಕಾಯಿಲೆ. 1956ರಲ್ಲಿ ಮೊದಲು ವರದಿಯಾದ ಈ ಕಾಯಿಲೆಯಲ್ಲಿ ಟ್ರಿಪ್ಟೊಫಾನ್ ಮೊದಲಾದ ಹಲವು ಅಮೈನೊ ಆಮ್ಲಗಳನ್ನು ಬಿಡಿಬಿಡಿಯಾಗಿ ಒಳಗೆಳೆಯುವ ವ್ಯವಸ್ಥೆಯೇ ಕೆಟ್ಟಿರುತ್ತದೆ. ಆದರೂ ರೋಗಿಗಳಲ್ಲಿ ಹೆಚ್ಚಿನವರು ಪ್ರೋಟೀನ್ ಕೊರತೆಯಿಂದ ಬಳಲುವುದಿಲ್ಲ. ಅದೇ ಅಮೈನೊ ಆಮ್ಲಗಳು ತುಣುಕಿನ ರೂಪದಲ್ಲಿ ಇನ್ನೊಂದು ದಾರಿಯಿಂದ ಒಳಸೇರಿ, ಕರುಳಿನ ಜೀವಕೋಶದೊಳಗೆ ಬಿಡಿಯಾಗುತ್ತವೆ.

ಇಷ್ಟೆಲ್ಲ ಏರ್ಪಾಡು ಹಲವು ಮೀಟರ್ ಉದ್ದದ ಕರುಳಿನುದ್ದಕ್ಕೂ ಇರುವಾಗ 30 ಗ್ರಾಂಗೆ ಬಾಗಿಲು ಮುಚ್ಚುವ ಪ್ರಶ್ನೆಯೇ ಬರುವುದಿಲ್ಲ. ಹೆಚ್ಚು ತಿಂದರೆ ಹೆಚ್ಚು ಹೊತ್ತು ಹಿಡಿಯುತ್ತದೆ, ಅಷ್ಟೆ. ಪ್ರೋಟೀನ್ ಕರುಳನ್ನು ತಲುಪಿದಾಗ ಹೊರಡುವ ಕೋಲಿಸಿಸ್ಟೋಕೈನಿನ್ ಎಂಬ ಹಾರ್ಮೋನು, ಜಠರ ತನ್ನಲ್ಲಿರುವುದನ್ನು ನಿಧಾನವಾಗಿ ಕೆಳಗೆ ಬಿಡುವಂತೆ ಮಾಡುತ್ತದೆ. ಮೀನು, ಮೊಟ್ಟೆ, ಹಾಲಿನ ಪ್ರೋಟೀನುಗಳಲ್ಲಿ ನೂರಕ್ಕೆ ಸುಮಾರು 95 ಪಾಲು ಹೀಗೆ ಒಳಸೇರುತ್ತದೆ. ಬೇಯಿಸಿದ ಬೇಳೆಕಾಳುಗಳಲ್ಲಿ ಈ ಪ್ರಮಾಣ 80ರ ಆಸುಪಾಸು. ಒಳಸೇರುವ ವೇಗ ಮಾತ್ರ ಆಹಾರದಿಂದ ಆಹಾರಕ್ಕೆ ಬೇರೆ. ಹಾಲಿನಲ್ಲಿರುವ ಕೇಸೀನ್ ಜಠರದ ಆಮ್ಲಕ್ಕೆ ಸಿಕ್ಕಿ ಗಟ್ಟಿಯಾಗುವುದರಿಂದ ಗಂಟೆಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ವೇ ಗಟ್ಟಿಯಾಗದೆ ಬೇಗ ಹರಿದುಹೋಗುತ್ತದೆ. 1997ರಲ್ಲಿ ಫ್ರೆಂಚ್ ಸಂಶೋಧಕರು ಈ ವ್ಯತ್ಯಾಸವನ್ನು ಅಳೆದು ತೋರಿಸಿದ ಮೇಲೆಯೇ ನಿಧಾನ ಪ್ರೋಟೀನ್, ವೇಗದ ಪ್ರೋಟೀನ್ ಎಂಬ ಮಾತುಗಳು ಬಳಕೆಗೆ ಬಂದದ್ದು.

ಇನ್ನು 30ರ ಮೂಲದ ವಿಷಯ. 2009ರಲ್ಲಿ ಕೆನಡಾದಲ್ಲಿ ನಡೆದ ಒಂದು ಪ್ರಯೋಗದಲ್ಲಿ ವ್ಯಾಯಾಮ ಮುಗಿಸಿದ ಯುವಕರಿಗೆ ಮೊಟ್ಟೆಯ ಪ್ರೋಟೀನನ್ನು ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು, ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ವೇಗವನ್ನು ಕೆಲವು ಗಂಟೆಗಳ ಕಾಲ ಅಳೆಯಲಾಯಿತು. 20 ಗ್ರಾಂವರೆಗೆ ವೇಗ ಏರಿತು. 40 ಗ್ರಾಂ ಕೊಟ್ಟಾಗ ಹೇಳಿಕೊಳ್ಳುವಂಥ ಏರಿಕೆ ಕಾಣದೆ, ಹೆಚ್ಚಾದ ಅಮೈನೊ ಆಮ್ಲ ಇಂಧನವಾಗಿ ಉರಿಯಿತು. ಗಮನಿಸಿ, ಉರಿಯಬೇಕಾದರೂ ಅದು ಮೊದಲು ರಕ್ತಕ್ಕೆ ಸೇರಿರಲೇಬೇಕು. ಈ ಪ್ರಯೋಗವು ಬಾಯಿಂದ ಬಾಯಿಗೆ ಹೋಗುತ್ತ, ಹೆಚ್ಚು ತಿಂದರೆ ಹಾಗೆಯೇ ಹೊರಹೋಗುತ್ತದೆ ಎಂಬ ರೂಪ ತಾಳಿದೆ. 2023ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ಸಂಶೋಧಕರು ವ್ಯಾಯಾಮದ ನಂತರ 25 ಗ್ರಾಂ ಮತ್ತು 100 ಗ್ರಾಂ ಹಾಲಿನ ಪ್ರೋಟೀನ್ ಕೊಟ್ಟು, ಅಳತೆಯನ್ನು 12 ಗಂಟೆಗಳವರೆಗೂ ಮುಂದುವರಿಸಿದರು. 100 ಗ್ರಾಂ ಕುಡಿದವರಲ್ಲಿ ಸ್ನಾಯು ಕಟ್ಟುವ ಕೆಲಸ ಹೆಚ್ಚು ಜೋರಾಗಿ, ಹೆಚ್ಚು ಹೊತ್ತು ನಡೆಯಿತು; ಉರಿದುಹೋದ ಪಾಲು ಅತ್ಯಲ್ಪ. ಹಾಗೆಂದು ಇಡೀ ದಿನದ ಪ್ರೋಟೀನನ್ನು ಒಂದೇ ಹೊತ್ತಿಗೆ ತಿನ್ನಬೇಕೆಂದು ನಾನು ಹೇಳುತ್ತಿಲ್ಲ. ಮೂರನೆಯ ಬಂಗುಡೆಯನ್ನು ಎತ್ತಿಡುವುದಕ್ಕೆ ಶರೀರಶಾಸ್ತ್ರದ ಕಾರಣವಿಲ್ಲ ಎಂಬುದಷ್ಟೇ ನನ್ನ ಮಾತು.

ಉತ್ತರ: ಮಲ್ಪೆಯಿಂದ ಒಬ್ಬರು

ಅಧ್ಯಾಪಕರ ವಿವರಣೆಗೆ ಒಂದು ಮಾತು ಸೇರಿಸಬಯಸುತ್ತೇನೆ. ನಮ್ಮ ಕಡೆಯ ಜಿಮ್‌ಗಳಲ್ಲಿ ಹಸಿ ಮೊಟ್ಟೆಯನ್ನು ಒಡೆದು ಗ್ಲಾಸಿಗೆ ಹಾಕಿ ಹಾಗೆಯೇ ಗುಟುಕರಿಸುವ ಹುಡುಗರು ಇನ್ನೂ ಇದ್ದಾರೆ. ಬೇಯಿಸಿದರೆ ಸತ್ವ ಸಾಯುತ್ತದೆ ಎಂಬುದು ಅವರ ನಂಬಿಕೆ. ಬೆಲ್ಜಿಯಂನಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ತದ್ವಿರುದ್ಧವಾದದ್ದನ್ನು ತೋರಿಸಿದೆ. ಬೇಯಿಸಿದ ಮೊಟ್ಟೆಯ ಪ್ರೋಟೀನಿನಲ್ಲಿ ಸುಮಾರು ಶೇಕಡಾ 91 ಸಣ್ಣಕರುಳಿನಲ್ಲಿ ಜೀರ್ಣವಾದರೆ, ಹಸಿ ಮೊಟ್ಟೆಯದರಲ್ಲಿ ಜೀರ್ಣವಾದದ್ದು ಸುಮಾರು ಶೇಕಡಾ 51 ಮಾತ್ರ. ಅಂದರೆ ಹಾಗೆಯೇ ಮುಂದಕ್ಕೆ ಹೋಗುವ ಪ್ರೋಟೀನ್ ಯಾವುದಾದರೂ ಇದ್ದರೆ ಅದು ಹಸಿ ಮೊಟ್ಟೆಯದು. ಸಾಲ್ಮೊನೆಲ್ಲಾ ಸೋಂಕಿನ ಅಪಾಯ ಬೇರೆ.

ನನ್ನದೂ ಒಂದು ಪ್ರಶ್ನೆ ಇದೆ. ಪ್ರೋಟೀನ್ ಹೆಚ್ಚಾದರೆ ಕಿಡ್ನಿ ಹಾಳಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಒಳಸೇರಿದ ಮೇಲಿನ ಕಥೆಯನ್ನೂ ಅಧ್ಯಾಪಕರು ಬರೆದರೆ ಉಪಕಾರವಾದೀತು. ಜೊತೆಗೆ, ಈ ಪುಡಿ ಕುಡಿಯುವವರಲ್ಲಿ ಕೆಲವರ ಬಳಿ ನಿಲ್ಲಲಾಗದಷ್ಟು ದುರ್ವಾಸನೆಯ ವಾಯು ಏಕೆ ಬರುತ್ತದೆ ಎಂಬುದನ್ನೂ ತಿಳಿಸಿ; ಒಂದೇ ಕೋಣೆಯಲ್ಲಿ ಇರುವವರ ಕಷ್ಟ ಹೇಳತೀರದು.

ಉತ್ತರ: ಆಹಾರತಜ್ಞೆ, ಕದ್ರಿ

ಕುಂಜಿಬೆಟ್ಟಿನವರೇ, ನಿಮ್ಮ ಮನೆಯಲ್ಲಿ ಚಿಂತಿಸಬೇಕಾದದ್ದು ಮಗನ ಎರಡನೆಯ ಸ್ಕೂಪಿನ ಬಗ್ಗೆ ಅಲ್ಲ, ತಾಯಿಯವರ ಗಂಜಿಯ ಬಗ್ಗೆ. ತೋಳು, ತೊಡೆ ಸೊರಗಿರುವುದು ಮತ್ತು ಕೈ ಊರದೆ ಏಳಲಾಗದಿರುವುದು, ಇವೆರಡೂ ಸ್ನಾಯು ಕ್ಷೀಣಿಸುತ್ತಿರುವ ಲಕ್ಷಣಗಳು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪ್ರಕಟಿಸಿದ ಶಿಫಾರಸಿನ ಪ್ರಕಾರ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. ವಯಸ್ಸಾದವರ ಸ್ನಾಯುಗಳು ಅಮೈನೊ ಆಮ್ಲಗಳಿಗೆ ಸ್ಪಂದಿಸುವುದು ಕಡಿಮೆಯಾಗುತ್ತದೆ. ಅಷ್ಟೇ ಪ್ರೋಟೀನಿಗೆ ಯುವಕರ ಸ್ನಾಯು ಬೆಳೆದಷ್ಟು ಮುದುಕರದು ಬೆಳೆಯುವುದಿಲ್ಲ. ಆದ್ದರಿಂದ ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಕೊಡಬೇಕೆಂದು ವೃದ್ಧಾಪ್ಯದ ಪೋಷಣೆಯನ್ನು ಅಭ್ಯಾಸ ಮಾಡಿದ ತಜ್ಞರು ಹೇಳುತ್ತಾರೆ. ತಾಯಿಯವರ ತೂಕ 45 ಕಿಲೋ ಎಂದಿಟ್ಟುಕೊಂಡರೆ ದಿನಕ್ಕೆ 45ರಿಂದ 54 ಗ್ರಾಂ ಆಯಿತು.

ಈಗ ತಟ್ಟೆಯಲ್ಲಿರುವುದನ್ನು ನೋಡಿ. 100 ಗ್ರಾಂ ಕುಚಲಕ್ಕಿಯಲ್ಲಿ ಸುಮಾರು 8 ಗ್ರಾಂ ಪ್ರೋಟೀನ್ ಇರುತ್ತದೆ. ಎರಡು ಹೊತ್ತಿನ ಗಂಜಿಗೆ, ಮಧ್ಯಾಹ್ನದ ಅನ್ನಕ್ಕೆ ಸೇರಿ ಆ ವಯಸ್ಸಿನವರು 200 ಗ್ರಾಂ ಅಕ್ಕಿ ಉಂಡರೆ ಅದೇ ಹೆಚ್ಚು. ಅದರಿಂದ ಸಿಗುವುದು 16 ಗ್ರಾಂ. ಉಪ್ಪಿನಕಾಯಿ, ಚಟ್ನಿಗಳಿಂದ ಲೆಕ್ಕಕ್ಕೆ ಸಿಗುವಂಥದ್ದೇನೂ ಬರುವುದಿಲ್ಲ. ನೀರು ಮಜ್ಜಿಗೆಯಿಂದ ಒಂದೆರಡು ಗ್ರಾಂ.

ಹುರುಳಿಯ ಬಗ್ಗೆ ತಾಯಿಯವರು ಹೇಳುವುದರಲ್ಲಿ ಸತ್ಯವಿದೆ, ಆದರೆ ಬಲವಿರುವುದು ಕಾಳಿನಲ್ಲಿ. ನಮ್ಮ ಕಡೆ ಹುರುಳಿಯನ್ನು ಹೆಚ್ಚು ನೀರು ಹಾಕಿ ಬೇಯಿಸಿ, ಬಸಿದ ನೀರಿಗೆ ಹುಳಿ, ಮೆಣಸು ಸೇರಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಸಾರು ಮಾಡುತ್ತೇವೆ. ಕಾಳು ಪಲ್ಯಕ್ಕೋ ಚಟ್ನಿಗೋ ಹೋಗುತ್ತದೆ, ದನಗಳಿದ್ದ ಮನೆಗಳಲ್ಲಿ ಹಟ್ಟಿಗೆ ಹೋಗುತ್ತಿತ್ತು. ಒಣ ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ, ಬೇಯಿಸಿದಾಗ ಅದರಲ್ಲಿ ಸ್ವಲ್ಪ ನೀರಿಗೆ ಇಳಿಯುತ್ತದೆ, ಹೆಚ್ಚಿನದು ಕಾಳಿನೊಳಗೇ ಗಟ್ಟಿಯಾಗಿ ಉಳಿಯುತ್ತದೆ. ಸಾರಿನ ಬಣ್ಣ, ಪರಿಮಳ, ರುಚಿ ನೋಡಿ ಮೋಸಹೋಗಬಾರದು. ತಾಯಿಯವರಿಗೆ ಬಡಿಸುವ ಸಾರಿನಲ್ಲಿ ಎರಡು ಸೌಟು ಬೆಂದ ಕಾಳನ್ನು ನುಣ್ಣಗೆ ಅರೆದು ಸೇರಿಸಿ. ಸಾರು ಮಂದವಾಗುತ್ತದೆ, ಹಲ್ಲಿನ ಕೆಲಸವೂ ಬೇಕಾಗುವುದಿಲ್ಲ.

ಹುರುಳಿಯನ್ನು ರಾತ್ರಿ ನೆನೆಹಾಕಿ ಚೆನ್ನಾಗಿ ಬೇಯಿಸುವ ರೂಢಿ ಸರಿಯಾದದ್ದೇ. ಹಸಿ ಕಾಳುಗಳಲ್ಲಿ ಟ್ರಿಪ್ಸಿನ್ನನ್ನೇ ತಡೆಯುವ ವಸ್ತುಗಳಿರುತ್ತವೆ; ಅಧ್ಯಾಪಕರು ಹೇಳಿದ ಕಿಣ್ವಗಳ ಕೆಲಸಕ್ಕೆ ಅವು ಅಡ್ಡ ಬರುತ್ತವೆ. ಬೇಯಿಸಿದಾಗ ಅವು ಬಹುಮಟ್ಟಿಗೆ ನಾಶವಾಗುತ್ತವೆ.

ಇನ್ನೊಂದು ವಿಷಯವನ್ನು ಕರಾವಳಿಯವರು ಮುಖ್ಯವಾಗಿ ತಿಳಿದಿರಬೇಕು. ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದ ಒಂಬತ್ತು ಅಮೈನೊ ಆಮ್ಲಗಳಿವೆ, ಅವುಗಳಲ್ಲಿ ಲೈಸೀನ್ ಅಕ್ಕಿಯಲ್ಲಿ ಕಡಿಮೆ. ನೀರುದೋಸೆ, ಪುಂಡಿ, ಸೇಮೆ, ಗಂಜಿ, ಕೋರಿ ರೊಟ್ಟಿಯ ರೊಟ್ಟಿ, ಇವೆಲ್ಲ ಬರೀ ಅಕ್ಕಿಯವೇ. ಲೈಸೀನ್ ಸಾಲದೆ ಹೋದಾಗ ಉಳಿದ ಅಮೈನೊ ಆಮ್ಲಗಳು ಎಷ್ಟಿದ್ದರೂ ಹೊಸ ಪ್ರೋಟೀನ್ ಕಟ್ಟುವ ಕೆಲಸ ಅಲ್ಲಿಗೆ ನಿಂತು, ಅವು ಇಂಧನವಾಗಿ ಉರಿಯುತ್ತವೆ. ಬೇಳೆಕಾಳುಗಳಲ್ಲಿ ಲೈಸೀನ್ ಧಾರಾಳವಾಗಿದೆ, ಅಲ್ಲಿ ಕಡಿಮೆ ಇರುವ ಮಿಥಿಯೊನೀನ್ ಅಕ್ಕಿಯಲ್ಲಿದೆ. ಉದ್ದು ಸೇರಿದ ಮೂಡೆಯೂ ಇಡ್ಲಿಯೂ ಈ ಕಾರಣಕ್ಕೆ ನೀರುದೋಸೆಗಿಂತ ಮೇಲು. ರುಚಿಯ ಪ್ರಶ್ನೆ ಬೇರೆ, ಅದರಲ್ಲಿ ನಾನು ತೀರ್ಪು ಕೊಡುವುದಿಲ್ಲ.

ತಾಯಿಯವರ ಬೆಳಗಿನ ಗಂಜಿಗೆ ಹೆಸರುಕಾಳಿನ ಮೆತ್ತನೆಯ ಗಸಿ, ಮಧ್ಯಾಹ್ನ ಮೇಲೆ ಹೇಳಿದ ಮಂದ ಸಾರು ಮತ್ತು ಗಟ್ಟಿ ಮೊಸರು, ಸಂಜೆ ಒಂದು ಲೋಟ ಹಾಲು ಕೊಡಿ. ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆಗೆ 6 ಗ್ರಾಂ ಸಿಗುತ್ತದೆ. ಮುಳ್ಳಿನ ಭಯ ಭೂತಾಯಿ, ಬಂಗುಡೆಗಳಿಗೆ ಸಲ್ಲುತ್ತದೆ. ಕಾಣೆಯನ್ನೋ ಅಂಜಲಿನ ತುಂಡನ್ನೋ ಪುಳಿಮುಂಚಿಯಲ್ಲಿ ಬೇಯಿಸಿ, ನೀವೇ ಮುಳ್ಳು ಬಿಡಿಸಿ ತಟ್ಟೆಗೆ ಹಾಕಿದರೆ ಅವರು ಬೇಡ ಎನ್ನಲಾರರು ಎಂದು ನನ್ನ ಊಹೆ. 100 ಗ್ರಾಂ ಮೀನಿನಲ್ಲಿ ಹತ್ತಿರಹತ್ತಿರ 20 ಗ್ರಾಂ ಪ್ರೋಟೀನ್ ಇರುತ್ತದೆ. ಆದರೆ ಈ ಬದಲಾವಣೆಗಳಿಗೆ ಮೊದಲು ಅವರ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ಆ ವಯಸ್ಸಿನಲ್ಲಿ ಮೂತ್ರಪಿಂಡದ ಶಕ್ತಿ ಕುಗ್ಗಿರುವುದು ಸಾಮಾನ್ಯ. ಹಾಗಿದ್ದರೆ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು.

ಉತ್ತರ: ಜೀವರಸಾಯನ ವಿಜ್ಞಾನದ ಅಧ್ಯಾಪಕ, ಮಂಗಳೂರು

ಮಲ್ಪೆಯವರು ಕೇಳಿದ ಮುಂದಿನ ಭಾಗಕ್ಕೆ ಬರುತ್ತೇನೆ.

ಕರುಳಿನಿಂದ ಹೊರಟ ಅಮೈನೊ ಆಮ್ಲಗಳು ಪೋರ್ಟಲ್ ಸಿರೆಯ ಮೂಲಕ ನೇರವಾಗಿ ಯಕೃತ್ತಿಗೆ ಹೋಗುತ್ತವೆ. ಹೊರಡುವ ಮುನ್ನ ಕರುಳು ತನ್ನ ಪಾಲನ್ನು ತೆಗೆದುಕೊಂಡಿರುತ್ತದೆ: ಆಹಾರದಲ್ಲಿದ್ದ ಗ್ಲುಟಮೇಟಿನ ಬಹುಭಾಗವನ್ನು ಕರುಳಿನ ಜೀವಕೋಶಗಳೇ ಇಂಧನವಾಗಿ ಉರಿಸುತ್ತವೆ. ಯಕೃತ್ತು ಉಳಿದವನ್ನು ತನಗೆ ಬೇಕಾದಂತೆ ಬಳಸಿಕೊಂಡು, ಲ್ಯೂಸೀನ್, ಐಸೊಲ್ಯೂಸೀನ್, ವ್ಯಾಲೀನ್ ಎಂಬ ಮೂರನ್ನು ಮಾತ್ರ ಹೆಚ್ಚುಕಡಿಮೆ ಮುಟ್ಟದೆ ಮುಂದಕ್ಕೆ ಬಿಡುತ್ತದೆ. ಅವನ್ನು ಒಡೆಯುವ ಮೊದಲ ಕಿಣ್ವ ಯಕೃತ್ತಿನಲ್ಲಿ ಅತ್ಯಲ್ಪ, ಸ್ನಾಯುವಿನಲ್ಲಿ ಸಾಕಷ್ಟಿದೆ. ಈ ಮೂರರಲ್ಲಿ ಲ್ಯೂಸೀನ್‌ಗೆ ವಿಶೇಷ ಪಾತ್ರವಿದೆ. ಅದು ಸ್ನಾಯುವಿಗೆ ಕಚ್ಚಾವಸ್ತುವೂ ಹೌದು, ಕಟ್ಟುವ ಕೆಲಸ ಆರಂಭಿಸು ಎಂಬ ಸೂಚನೆಯೂ ಹೌದು. ವೇ ಪುಡಿಗೆ ಜಿಮ್‌ಗಳಲ್ಲಿ ಇಷ್ಟು ಮರ್ಯಾದೆ ಬಂದಿರುವುದಕ್ಕೆ ಅದರಲ್ಲಿ ಲ್ಯೂಸೀನ್ ಹೆಚ್ಚಿರುವುದು ಒಂದು ಕಾರಣ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ಬಿಡಬೇಕು. ತಿಂದ ಮೀನಿನ ಪ್ರೋಟೀನ್ ಹೋಗಿ ತೋಳಿಗೆ ಅಂಟಿಕೊಳ್ಳುವುದಿಲ್ಲ. ಹಳೆಯ ಮನೆಯನ್ನು ಬಿಚ್ಚಿ ಮುರಕಲ್ಲು, ಹಂಚು, ಪಕ್ಕಾಸುಗಳನ್ನು ಬೇರೆ ಬೇರೆ ರಾಶಿ ಹಾಕಿದ ಮೇಲೆ ಯಾವ ಕಲ್ಲು ಯಾರ ಮನೆಯದೆಂದು ಹೇಳಲಾಗದ ಹಾಗೆ, ಮೀನಿನದು, ಹೆಸರುಕಾಳಿನದು, ನಮ್ಮದೇ ದೇಹದ ಹಳೆಯ ಜೀವಕೋಶಗಳದು ಎಲ್ಲವೂ ಒಂದೇ ಸಂಗ್ರಹಕ್ಕೆ ಸೇರುತ್ತವೆ. ವಯಸ್ಕರ ದೇಹದಲ್ಲಿ ದಿನಕ್ಕೆ 250ರಿಂದ 300 ಗ್ರಾಂ ಪ್ರೋಟೀನ್ ಒಡೆದು ಮತ್ತೆ ಕಟ್ಟಲ್ಪಡುತ್ತದೆ, ನಾವು ತಿನ್ನುವುದರ ನಾಲ್ಕೈದು ಪಟ್ಟು. ಕರುಳಿನ ಒಳಪದರದ ಜೀವಕೋಶಗಳು ಮೂರರಿಂದ ಐದು ದಿನಕ್ಕೆ ಉದುರಿ, ಅವುಗಳ ಪ್ರೋಟೀನೂ ಆಹಾರದಂತೆಯೇ ಜೀರ್ಣವಾಗಿ ಮರಳಿ ಸೇರುತ್ತದೆ. ಜೀರ್ಣರಸದ ಕಿಣ್ವಗಳ ಗತಿಯೂ ಅದೇ. ಈ ನಿರಂತರ ಒಡೆತ, ಕಟ್ಟುವಿಕೆಗಳನ್ನು ರುಡಾಲ್ಫ್ ಶೋನ್‌ಹೈಮರ್ 1930ರ ದಶಕದ ಕೊನೆಯಲ್ಲಿ ಸಾರಜನಕದ ಭಾರವಾದ ಐಸೊಟೋಪನ್ನು ಗುರುತಾಗಿ ಬಳಸಿ ಪತ್ತೆಹಚ್ಚುವವರೆಗೆ, ದೊಡ್ಡವರ ದೇಹದ ಪ್ರೋಟೀನ್ ಬಹುತೇಕ ಸ್ಥಿರವಾಗಿರುತ್ತದೆ ಎಂದೇ ವಿಜ್ಞಾನಿಗಳು ತಿಳಿದಿದ್ದರು.

ಸಂಗ್ರಹ ಎಂದೆನಾದರೂ ಅದು ತೀರ ಚಿಕ್ಕದು. ಬಿಡಿ ಅಮೈನೊ ಆಮ್ಲವಾಗಿ ಇಡೀ ದೇಹದಲ್ಲಿರುವುದು ಸುಮಾರು 100 ಗ್ರಾಂ. ಕೊಬ್ಬಿಗೆ ಇರುವಂಥ ಕಣಜ ಪ್ರೋಟೀನಿಗೆ ಇಲ್ಲ. ಊಟದಲ್ಲಿ ಕೊರತೆಯಾದರೆ ದೇಹ ಕೈಹಾಕುವುದು ಸ್ನಾಯುವಿಗೇ. ಕುಂಜಿಬೆಟ್ಟಿನವರ ತಾಯಿಯವರ ತೊಡೆ ಸೊರಗಲು ವಯಸ್ಸಿನ ಜೊತೆಗೆ ಇದೂ ಕಾರಣವಿರಬಹುದು.

ಹೆಚ್ಚಾದಾಗ ಆಗುವುದು ಇದು. ಅಮೈನೊ ಆಮ್ಲದಲ್ಲಿ ಸಾರಜನಕವಿದೆ, ಸಕ್ಕರೆ, ಕೊಬ್ಬುಗಳಲ್ಲಿ ಇಲ್ಲ. ಉರಿಸಬೇಕಾದರೆ ಮೊದಲು ಅದನ್ನು ಕಳಚಬೇಕು. ಕಳಚಿ ಇನ್ನೊಂದಕ್ಕೆ ದಾಟಿಸುವ ಕಿಣ್ವಗಳನ್ನು ನೀವೆಲ್ಲ ಹೆಸರಿನಿಂದ ಬಲ್ಲಿರಿ. ಲಿವರ್ ಪರೀಕ್ಷೆಯ ವರದಿಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎಂದು ಅಚ್ಚಾಗಿರುವುದು ಇವೇ. ಜೀವಕೋಶದೊಳಗೆ ಇರಬೇಕಾದ ಅವು ರಕ್ತದಲ್ಲಿ ಹೆಚ್ಚಾಗಿ ಕಂಡರೆ ಎಲ್ಲೋ ಜೀವಕೋಶಕ್ಕೆ ಪೆಟ್ಟಾಗಿದೆ ಎಂದರ್ಥ. ಬಿ6 ಜೀವಸತ್ವವಿಲ್ಲದೆ ಇವು ಕೆಲಸ ಮಾಡಲಾರವು. ಕಳಚಿದ ಸಾರಜನಕ ಅಮೋನಿಯಾ ರೂಪದಲ್ಲಿ ಉಳಿದರೆ ಮಿದುಳಿಗೆ ವಿಷ. ಆದ್ದರಿಂದ ಯಕೃತ್ತು ಅದನ್ನು ಯೂರಿಯಾ ಮಾಡಿ ಮೂತ್ರಪಿಂಡಕ್ಕೆ ಕಳಿಸುತ್ತದೆ. ಈ ಚಕ್ರವನ್ನು ಹ್ಯಾನ್ಸ್ ಕ್ರೆಬ್ಸ್ ಮತ್ತು ಕುರ್ಟ್ ಹೆನ್ಸೆಲೈಟ್ 1932ರಲ್ಲಿ ವಿವರಿಸಿದರು. ಸಿರೋಸಿಸ್‌ನಿಂದ ಯಕೃತ್ತು ಸೋತವರಲ್ಲಿ ಗೊಂದಲ, ಮಂಪರು ಕಾಣಿಸಿಕೊಳ್ಳುವುದರಲ್ಲಿ ಈ ಅಮೋನಿಯಾದ ಕೈವಾಡವಿದೆ. ಸಾರಜನಕ ಕಳಚಿದ ಮೇಲೆ ಉಳಿಯುವ ಇಂಗಾಲದ ಭಾಗ ಗ್ಲೂಕೋಸ್ ಆಗಬಹುದು, ನೇರವಾಗಿ ಉರಿಯಬಹುದು, ಒಟ್ಟು ಆಹಾರವೇ ಅತಿಯಾದಾಗ ಕೊಬ್ಬಿನ ಶೇಖರಣೆಗೂ ನೆರವಾಗಬಹುದು. ಪ್ರಯೋಗಾಲಯದಲ್ಲಿ ಸುಟ್ಟರೆ ಒಂದು ಗ್ರಾಂ ಪ್ರೋಟೀನಿನಿಂದ 5.65 ಕಿಲೊಕ್ಯಾಲರಿ ಬರುತ್ತದೆ. ದೇಹಕ್ಕೆ ದಕ್ಕುವುದು 4 ಮಾತ್ರ, ಏಕೆಂದರೆ ಯೂರಿಯಾ ತನ್ನಲ್ಲಿ ಸ್ವಲ್ಪ ಶಕ್ತಿಯನ್ನು ಇಟ್ಟುಕೊಂಡೇ ಹೊರಹೋಗುತ್ತದೆ ಮತ್ತು ಸ್ವಲ್ಪ ಪ್ರೋಟೀನ್ ಜೀರ್ಣವಾಗದೆ ಉಳಿಯುತ್ತದೆ.

ಕೋಣದ ಪ್ರಸ್ತಾಪ ಬಂದದ್ದರಿಂದ ಹೇಳುತ್ತೇನೆ: ಮೆಲುಕು ಹಾಕುವ ಪ್ರಾಣಿಗಳು ಈ ಯೂರಿಯಾವನ್ನೂ ಸುಮ್ಮನೆ ಬಿಡುವುದಿಲ್ಲ. ಅದರ ಒಂದು ಪಾಲು ಜೊಲ್ಲಿನ ಮೂಲಕ ಮತ್ತೆ ಹೊಟ್ಟೆಯ ಮೊದಲ ಕೋಣೆಗೆ ಸೇರುತ್ತದೆ, ಅಲ್ಲಿನ ಸೂಕ್ಷ್ಮಜೀವಿಗಳು ಅದರಿಂದ ಹೊಸ ಪ್ರೋಟೀನ್ ಕಟ್ಟುತ್ತವೆ, ಆ ಸೂಕ್ಷ್ಮಜೀವಿಗಳನ್ನೇ ಕೋಣ ಮುಂದೆ ಜೀರ್ಣಿಸಿಕೊಳ್ಳುತ್ತದೆ. ಆದ್ದರಿಂದ ಕೋಣದ ಜೊತೆ ತಾಯಿಯವರು ತಮ್ಮನ್ನು ಹೋಲಿಸಿಕೊಳ್ಳುವುದು ನ್ಯಾಯವಲ್ಲ. ಅಲ್ಲದೆ ಕೋಣಕ್ಕೆ ಕೊಡುವುದು ಬೇಯಿಸಿದ ಕಾಳನ್ನು, ಅದೂ ಕಿಲೋಗಟ್ಟಲೆ.

ಮೂತ್ರಪಿಂಡದ ಪ್ರಶ್ನೆಗೆ ಉತ್ತರ ಎರಡು ಬಗೆಯದು. ಪ್ರೋಟೀನ್ ಹೆಚ್ಚು ತಿಂದಾಗ ಮೂತ್ರಪಿಂಡ ಸೋಸುವ ವೇಗ ಏರುವುದು ನಿಜ. ಆರೋಗ್ಯವಂತರಲ್ಲಿ ಇದರಿಂದಲೇ ಕಾಯಿಲೆ ಹುಟ್ಟುತ್ತದೆ ಎಂದು ಸಿದ್ಧವಾಗಿಲ್ಲ. ಆಗಲೇ ಮೂತ್ರಪಿಂಡ ದುರ್ಬಲವಾಗಿರುವವರ ವಿಷಯ ಬೇರೆ. ಅವರಿಗೆ ವೈದ್ಯರು ಪ್ರೋಟೀನನ್ನು ಸಾಮಾನ್ಯವಾಗಿ ಇಳಿಸುತ್ತಾರೆ. ಡಯಾಲಿಸಿಸ್ ಆರಂಭವಾದ ಮೇಲೆ ಅಲ್ಲಿ ಅಮೈನೊ ಆಮ್ಲಗಳು ಸೋರಿಹೋಗುವುದರಿಂದ ಮತ್ತೆ ಏರಿಸುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ನಮ್ಮಲ್ಲಿ ಇಷ್ಟು ಹರಡಿರುವಾಗ ತನ್ನ ಮೂತ್ರಪಿಂಡ ಸರಿಯಿದೆ ಎಂದು ಪರೀಕ್ಷೆಯಿಲ್ಲದೆ ನಂಬಿಕೊಂಡು ಡಬ್ಬಿಗಟ್ಟಲೆ ಪುಡಿ ಕುಡಿಯುವುದನ್ನು ನಾನು ಒಪ್ಪುವುದಿಲ್ಲ.

ವಾಯುವಿನ ವಿಷಯ: ಜೀರ್ಣವಾಗದೆ ದೊಡ್ಡಕರುಳು ತಲುಪಿದ ಪ್ರೋಟೀನನ್ನು ಅಲ್ಲಿನ ಬ್ಯಾಕ್ಟೀರಿಯಾಗಳು ಕೊಳೆಸಿ ಹೈಡ್ರೋಜನ್ ಸಲ್ಫೈಡ್‌ನಂಥ ಅನಿಲಗಳನ್ನು ಮಾಡುತ್ತವೆ. ಆದರೆ ವೇ ಕುಡಿಯುವವರಲ್ಲಿ ಅಪರಾಧಿ ಬಹಳ ಸಲ ಪ್ರೋಟೀನಲ್ಲ, ಅಗ್ಗದ ಪುಡಿಗಳಲ್ಲಿ ಉಳಿದಿರುವ ಲ್ಯಾಕ್ಟೋಸ್ ಎಂಬ ಹಾಲಿನ ಸಕ್ಕರೆ. ಅದು ಎಷ್ಟೋ ಭಾರತೀಯರಿಗೆ ದೊಡ್ಡವರಾದ ಮೇಲೆ ಒಗ್ಗುವುದಿಲ್ಲ. ಲ್ಯಾಕ್ಟೋಸ್ ತೆಗೆದ ಪುಡಿಗೆ ಬದಲಾಯಿಸಿ ನೋಡಲು ನಿಮ್ಮ ಕೋಣೆಯವರಿಗೆ ಹೇಳಿ.

ಪ್ರಶ್ನೆ ಕೇಳಿದವರು: ಕುಂಜಿಬೆಟ್ಟಿನ ಓದುಗ, ಉಡುಪಿ

ಮೂವರಿಗೂ ಧನ್ಯವಾದಗಳು. ಮಗನಿಗೆ ಓದಿಸಿದೆ. 2009ರ ಪ್ರಯೋಗದ ಬಗ್ಗೆ ತರಬೇತುದಾರರನ್ನು ಕೇಳುತ್ತೇನೆ ಎಂದಿದ್ದಾನೆ. ಅಮ್ಮನ ವಿಷಯದಲ್ಲಿ ಒಂದು ಸಂದೇಹ ಉಳಿದಿದೆ. ಬೆಳಿಗ್ಗೆ ಗಂಜಿಯ ಜೊತೆ ಹೆಸರುಕಾಳಿನ ಗಸಿ ಬೇಡ, ಹೊಟ್ಟೆ ಭಾರವಾಗುತ್ತದೆ ಎನ್ನುತ್ತಾರೆ. ಕಾಳನ್ನು ಮಧ್ಯಾಹ್ನಕ್ಕೆ ಮಾತ್ರ ಕೊಟ್ಟರೆ ಬೆಳಗಿನ ಅಕ್ಕಿಯ ಲೈಸೀನ್ ಕೊರತೆ ಹಾಗೆಯೇ ಉಳಿಯುತ್ತದೆಯೇ?

ಉತ್ತರ: ಆಹಾರತಜ್ಞೆ, ಕದ್ರಿ

ಒಂದೇ ತಟ್ಟೆಯಲ್ಲಿ ಎರಡೂ ಇರಲೇಬೇಕೆಂಬ ಹಳೆಯ ನಿಯಮವನ್ನು ಈಗ ಯಾರೂ ಅಷ್ಟು ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಅಧ್ಯಾಪಕರು ವಿವರಿಸಿದ ಸಂಗ್ರಹದಲ್ಲಿ ದೇಹದ ಸ್ವಂತ ಪ್ರೋಟೀನ್ ಒಡೆದು ಬಂದ ಲೈಸೀನೂ ಇರುವುದರಿಂದ, ಬೆಳಗಿನ ಕೊರತೆಯನ್ನು ಮಧ್ಯಾಹ್ನದ ಕಾಳು ತುಂಬಿಕೊಡುತ್ತದೆ. ದಿನದ ಒಟ್ಟು ಲೆಕ್ಕ ಸರಿಯಿದ್ದರೆ ಸಾಕು. ಆದರೆ ವಯಸ್ಸಾದವರ ಸ್ನಾಯುವನ್ನು ಎಚ್ಚರಿಸಲು ಒಂದು ಹೊತ್ತಿನಲ್ಲಿ ಸ್ವಲ್ಪ ಹೆಚ್ಚೇ ಪ್ರೋಟೀನ್ ಬೇಕಾಗುವುದರಿಂದ, ಮೂರು ಹೊತ್ತೂ ಚೂರುಚೂರು ಹಂಚುವುದಕ್ಕಿಂತ ಮಧ್ಯಾಹ್ನದ ಊಟವನ್ನಾದರೂ 20 ಗ್ರಾಂ ದಾಟುವಂತೆ ಮಾಡುವುದು ಲೇಸು. 30 ಗ್ರಾಂ ಹುರುಳಿಯಿಂದ ಸುಮಾರು 6.5 ಗ್ರಾಂ, ಮುಳ್ಳು ಬಿಡಿಸಿದ 50 ಗ್ರಾಂ ಮೀನಿನಿಂದ 10 ಗ್ರಾಂ, ಅನ್ನದಿಂದ 5, ಒಂದು ಬಟ್ಟಲು ಮೊಸರಿನಿಂದ 3, ಅಲ್ಲಿಗೆ ಮುಟ್ಟಿತು. ಮೀನು ಒಪ್ಪದಿದ್ದರೆ ಒಂದು ಮೊಟ್ಟೆ ಮತ್ತು ಇನ್ನೊಂದು ಬಟ್ಟಲು ಮೊಸರು.

ಬೆಳಗಿನ ಗಂಜಿಗೆ ನೀರಿನ ಬದಲು ಹಾಲು ಸೇರಿಸಿ ಕೊಟ್ಟು ನೋಡಿ, ಹಾಲಿನಲ್ಲೂ ಲೈಸೀನ್ ಚೆನ್ನಾಗಿದೆ, ಹೊಟ್ಟೆಗೂ ಭಾರವೆನಿಸದು. ಮತ್ತು ದಿನಕ್ಕೆ ಕೆಲವು ಸಲ ಗೋಡೆಯ ಪಕ್ಕ ಕುರ್ಚಿ ಇಟ್ಟು, ನೀವು ಹತ್ತಿರ ನಿಂತು, ಅವರನ್ನು ಎದ್ದು ಕುಳಿತು ಮಾಡಿಸಿ. ಕೆಲಸವಿಲ್ಲದ ಸ್ನಾಯುವಿಗೆ ಎಷ್ಟು ಲ್ಯೂಸೀನ್ ಕೊಟ್ಟರೂ ಅದು ಬೆಳೆಯುವುದು ಕಡಿಮೆ.